ಎಳ್ಳಮಾವಾಸ್ಯೆಯ ಮುನ್ನಾದಿನದ ಮೂರು ಬಾಟಲಿ

1989ರ ಮಾರ್ಚ್ 9, ಗುರುವಾರ. ಬೆಟಗೇರಿ ಠಾಣೆಗೆ ಬಂದ ದೂರನ್ನು ಇನ್‌ಸ್ಪೆಕ್ಟರ್ ಪಾಂಡುರಂಗ ಗಲಗಲಿ ಎರಡು ಸಲ ಓದಿದರು. ಕಳವು, ಹೊಡೆದಾಟ, ಬದುವಿನ ಜಗಳ ಎಲ್ಲ ಅವರಿಗೆ ನೀರು ಕುಡಿದಷ್ಟು ಸಲೀಸು. ಉಚ್ಚೆಯ ವಿಷಯಕ್ಕೆ ದೂರು ಬಂದದ್ದು ಮಾತ್ರ ಅವರ ಇಡೀ ನೌಕರಿಯಲ್ಲಿ ಇದೇ ಮೊದಲು.

ದೂರು ತಂದವರು ನೂಲಿನ ಗಿರಣಿಯ ಕ್ರೀಡಾ ಕಾರ್ಯದರ್ಶಿ ಶ್ರೀನಿವಾಸರಾವ್. ಗಿರಣಿಗೆ ಒಂದು ಫುಟ್‌ಬಾಲ್ ತಂಡವಿತ್ತು. ಆಟಗಾರರಿಗೆ ಆಟವೇ ನೌಕರಿ, ಪಗಾರ ಗಿರಣಿಯದು.

“ಸಾಹೇಬ್ರ, ನಮ್ಮ ಮೂರು ಹುಡುಗರಿಗೆ ಯಾರೋ ಔಷಧ ಹಾಕ್ಯಾರ್ರಿ.”

“ಏನ್ ಔಷಧ?”

“ಉಚ್ಚಿ ಹೆಚ್ಚು ಹೋಗೋ ಗುಳಿಗಿ. ಫ್ರುಸಮೈಡ್ ಅಂತಾರ.”

“ಅದನ್ನ ತಿಂದ್ರ ಗೋಲ್ ಹೆಚ್ಚು ಹೊಡೀತಾರೇನು?”

“ಇಲ್ಲರಿ. ಬ್ಯಾರೆ ಕಳ್ಳ ಔಷಧ ತಗೊಂಡಿದ್ರ ಅದನ್ನ ಮೈಯಾಗಿಂದ ತೊಳದು ಹಾಕತೈತಿ. ಅದಕ್ಕ ಇದನ್ನೂ ಬಂದ್ ಮಾಡ್ಯಾರ.”

ನಡೆದದ್ದು ಇಷ್ಟು. ದೇಶದ ತಂಡದ ಶಿಬಿರಕ್ಕೆ ಗಿರಣಿಯಿಂದ ಮೂವರ ಹೆಸರು ಹೋಗಿತ್ತು: ಯಳವತ್ತಿಯ ಗೋಲ್‌ಕೀಪರ್ ಮೈಲಾರಪ್ಪ, ಕಳಸಾಪುರದ ಚನ್ನಬಸವಣ್ಣ, ಲಕ್ಷ್ಮೇಶ್ವರದ ಇಮಾಮಸಾಬ. ಜನವರಿ 6ರಂದು ಬೆಟಗೇರಿ ಮೈದಾನದಲ್ಲಿ ಪಂದ್ಯ ಮುಗಿದ ಮೇಲೆ, ಬೆಂಗಳೂರಿನಿಂದ ಬಂದಿದ್ದ ಡಾಕ್ಟರೊಬ್ಬರು ಮೂವರ ಮೂತ್ರವನ್ನು ಬಾಟಲಿಗೆ ತುಂಬಿಸಿ ಸೀಲು ಮಾಡಿ ದಿಲ್ಲಿಗೆ ಕಳಿಸಿದ್ದರು. ಮೂರರಲ್ಲೂ ಔಷಧ ಸಿಕ್ಕಿತ್ತು. ಶಿಬಿರದಲ್ಲಿ ಅವರ ಜಾಗಕ್ಕೆ ಆಗಲೇ ಬೇರೆಯವರು ಬಂದಾಗಿತ್ತು. ಮಾರ್ಚ್ 20ಕ್ಕೆ ಬೆಂಗಳೂರಿನಲ್ಲಿ ಫುಟ್‌ಬಾಲ್ ಸಂಸ್ಥೆಯ ವಿಚಾರಣೆ. ಅಲ್ಲಿ ತಪ್ಪು ಸಾಬೀತಾದರೆ ಎರಡು ವರ್ಷ ಆಟವಿಲ್ಲ. ಆಟವಿಲ್ಲದವರಿಗೆ ಗಿರಣಿಯಲ್ಲಿ ನೌಕರಿಯೂ ಇಲ್ಲ ಎಂದು ಅದರ ಅಧ್ಯಕ್ಷರು ಹೇಳಿಬಿಟ್ಟಿದ್ದರು.

ಹಾನಿಕರ ಪದಾರ್ಥ ತಿನ್ನಿಸಿದ ಕಲಮಿನಡಿ ಎಫ್‌ಐಆರ್ ದಾಖಲಾಯಿತು. ಗಲಗಲಿಯವರು ಟೋಪಿ ಹಾಕಿಕೊಂಡು, ಹೆಡ್ ಕಾನ್‌ಸ್ಟೇಬಲ್ ಗಾಳೆಪ್ಪನನ್ನು ಕರೆದುಕೊಂಡು ಮೈದಾನದ ಕಡೆ ಹೊರಟರು. ವಾರದಿಂದ ಅವರಿಗೆ ಸರಿಯಾಗಿ ನಿದ್ದೆ ಇರಲಿಲ್ಲ. ಎದ್ದು ಹೊರಡುವುದೇ ಈಗೀಗ ಒಂದು ಕೆಲಸವಾಗಿತ್ತು.

ಪೆವಿಲಿಯನ್ನಿನ ಹಿಂದೆ ಆಟಗಾರರ ಮೆಸ್ಸು. ಅಡುಗೆಯವಳು ಸಾವಂತ್ರೆವ್ವ. ಪಂಚರ ಸಮಕ್ಷಮ ಹಿಟ್ಟು, ಬೆಲ್ಲ, ಚಹಾಪುಡಿ, ಶೇಂಗಾ ಚಟ್ನಿ ಎಲ್ಲ ಜಪ್ತಾದವು. ಎರಡು ತಿಂಗಳ ಹಿಂದಿನ ಊಟಕ್ಕೆ ಇವತ್ತಿನ ಚಟ್ನಿ ಏನು ಸಾಕ್ಷಿ ಹೇಳೀತು ಎಂದು ಗಲಗಲಿಯವರಿಗೆ ಗೊತ್ತಿತ್ತು. ಆದರೂ ಪಂಚನಾಮೆ ಎಂದ ಮೇಲೆ ಪಂಚನಾಮೆ. ಮೈದಾನದ ಆಳು ಹೊಳೆಯಪ್ಪ ಎಲ್ಲರಿಗೂ ಕುರ್ಚಿ ಹಾಕಿ, ಕೇಳುವ ಮೊದಲೇ ಚಹಾ ತಂದುಕೊಟ್ಟ. ಹಮ್ಮಿಗಿಯಿಂದ ಹರೆಯದಲ್ಲಿ ಬಂದವನು, ಪೆವಿಲಿಯನ್ನಿನ ಕೆಳಗಿನ ಖೋಲಿಯಲ್ಲೇ ಅರವತ್ತರ ಹತ್ತಿರ ಬಂದಿದ್ದ.

“ಆವತ್ತು ಏನ್ ಅಡಿಗಿ ಮಾಡಿದ್ದಿ?” ಗಾಳೆಪ್ಪ ಸಾವಂತ್ರೆವ್ವನನ್ನು ಕೇಳಿದ.

“ರೊಟ್ಟಿ, ಬದನಿಕಾಯಿ ಪಲ್ಯೆ. ಹನ್ನೊಂದು ಮಂದಿ ಉಂಡಾರ. ನಾನೂ ಉಂಡೀನಿ. ಮೂರ ಮಂದಿಗೆ ಹತ್ತಿ, ಉಳಿದವರಿಗೆ ಬಿಡಾಕ ಅದೇನು ಮಂತ್ರಾ ಕಲತೀನೇನ್ರಿ ನಾನು?”

ಮಾತು ಸರಿಯಾಗಿತ್ತು. ಆದರೆ ಸರಿಯಾದ ಮಾತಿನಿಂದ ಕೇಸು ಮುಗಿಯುವುದಿಲ್ಲ. ಮೂರು ದಿನ ಅವಳನ್ನು ಠಾಣೆಗೆ ಕರೆಸಿ ಕೂಡಿಸಿದರು. ಗಾಳೆಪ್ಪ ಗದಗ, ಬೆಟಗೇರಿಯ ಔಷಧದ ಅಂಗಡಿಗಳನ್ನೆಲ್ಲ ಸುತ್ತಿ, ಲಕ್ಷ್ಮೇಶ್ವರ, ಶಿರಹಟ್ಟಿಗೂ ಹೋಗಿ ಬರಿಗೈಯಲ್ಲಿ ಬಂದ. ಅಷ್ಟರಲ್ಲಿ ಡಿವೈಎಸ್‌ಪಿ ಸಾಹೇಬರ ಫೋನು ಬಂತು. ಅಡುಗೆಯವಳನ್ನು ಒಳಗೆ ಹಾಕಿ ಕೇಸು ಮುಗಿಸಬಾರದೇ ಎಂದು ಅವರ ಸಲಹೆ. ಗಲಗಲಿಯವರು ಹೂಂ ಎಂದು ಫೋನು ಇಟ್ಟರು. ಸುಳ್ಳು ಚಾರ್ಜ್‌ಶೀಟು ಬರೆಯುವುದಕ್ಕೂ ಒಂದು ಉಮೇದು ಬೇಕು, ಅದು ಅವರಲ್ಲಿ ಉಳಿದಿರಲಿಲ್ಲ.

ಮಾರ್ಚ್ 13ರಂದು ಯಳವತ್ತಿಗೆ ಹೋದರು. ಮೈಲಾರಪ್ಪನ ಅಪ್ಪ ಜೀಪಿನ ಸಪ್ಪಳ ಕೇಳಿದವನೇ ಒಳಗೆ ಸರಿದುಬಿಟ್ಟ. ಮೂತ್ರದ ಗುಳಿಗೆ ಅಂದರೆ ಊರಿನಲ್ಲಿ ಯಾರಿಗೆ ತಿಳಿಯಬೇಕು? ಹುಡುಗ ನಶೆ ಮಾಡಿ ಸಿಕ್ಕಿಬಿದ್ದ ಎಂದೇ ಸುದ್ದಿ ಹಬ್ಬಿತ್ತು. ಗೊತ್ತುಮಾಡಿದ್ದ ಹೆಣ್ಣಿನ ಕಡೆಯವರು ಬೇಡವೆಂದು ಹೇಳಿ ಕಳಿಸಿದ್ದರು.

“ಏನರೆ ತಿಂದಿದ್ದೇನು?” ಗಲಗಲಿಯವರು ಮೈಲಾರಪ್ಪನನ್ನು ಕೇಳಿದರು.

“ಇಲ್ಲರಿ.”

“ಖರೆ ಹೇಳು.”

“ಖರೇನs ರಿ. ನಮ್ಮಪ್ಪ ನನ್ನ ಮುಂದ ಕುಂತು ಉಣ್ಣೂದು ಬಿಟ್ಟಾನ್ರಿ. ಅದಕ್ಕಿಂತಾ ಏನ್ ಖರೆ ಹೇಳ್ಲಿ?”

ಆ ಹುಡುಗನ ಮುಖ ನೋಡಿ ಗಲಗಲಿಯವರಿಗೆ ಸಂಕಟವಾಯಿತು. ನಂಬಿದ್ದೇನೆ ಎಂದು ಹೇಳಲು ಇನ್‌ಸ್ಪೆಕ್ಟರನಿಗೆ ಬರುವುದಿಲ್ಲ. ಜೀಪು ಹತ್ತಿದರು.

ಮರುದಿನ ದಿಲ್ಲಿಯ ವರದಿಯನ್ನು ಹಿಡಿದುಕೊಂಡು ಸರಕಾರಿ ದವಾಖಾನೆಯ ಡಾಕ್ಟರ್ ತಾರಾಬಾಯಿಯವರ ಬಳಿಗೆ ಹೋದರು. ಅವರು ಓದುತ್ತ ಓದುತ್ತ ಕನ್ನಡಕ ತೆಗೆದಿಟ್ಟರು.

“ಈ ಹುಡುಗರಿಗೆ ಎಷ್ಟು ವಯಸ್ಸರಿ?”

“ಇಪ್ಪತ್ತೆರಡು, ಇಪ್ಪತ್ತಮೂರು.”

“ಮೂರೂ ಮಂದಿಗೆ ಸಕ್ಕರಿ ರೋಗ ಐತೇನು?”

“ಯಾಕ್ರಿ?”

“ಗುಳಿಗಿ ವಿಷಯ ಇರ್ಲಿ. ಮೂರರಾಗೂ ಸಕ್ಕರಿ ಐತಿ, ಅದೂ ದಂಡಿಯಾಗಿ. ಲೆಕ್ಕನೂ ಸುಮಾರು ಒಂದs. ಒಂದ ಕೊಡದ ನೀರು ಮೂರು ತಂಬಿಗಿಗೆ ಹಾಕಿಧಂಗ ಐತಿ. ಇನ್‌ಸ್ಪೆಕ್ಟರ್, ಇದು ಮೂರು ಮಂದೀದಲ್ಲ. ಒಬ್ಬಂದು. ಮತ್ತ ಅಂವಾ ಹುಡುಗ ಅಲ್ಲ.”

ಹುಡುಗರಿಗೆ ಯಾರು ಏನು ತಿನ್ನಿಸಿದರು ಎಂದು ಐದು ದಿನ ಊರೂರು ತಿರುಗಿದ್ದಾಗಿತ್ತು. ಬಾಟಲಿಯಲ್ಲಿ ಇದ್ದದ್ದು ಯಾರದು ಎಂದು ಒಬ್ಬರೂ ಕೇಳಿರಲಿಲ್ಲ. ಗಲಗಲಿಯವರಿಗೆ ತಮ್ಮ ಮೇಲೇ ಬೇಸರ ಬಂತು. ಮೈಲಾರಪ್ಪನನ್ನು ಮತ್ತೆ ಠಾಣೆಗೆ ಕರೆಸಿದರು.

“ಬಾಟಲಿ ನೀನs ತುಂಬಿದ್ದೇನು?”

ಹುಡುಗ ನೆಲ ನೋಡಿದ. “ತುಂಬಿದ್ದಿಲ್ಲರಿ. ಆಟ ಆಡಿ ಮೈಯಾಗಿನ ನೀರೆಲ್ಲಾ ಬೆವತು ಹೋಗಿತ್ತು. ತಳಾ ಮುಳುಗೋದ್ರಾಗ ನಿಂತುಬಿಡ್ತು. ಅವರಿಬ್ಬರದೂ ಹಂಗs. ನೀರು ಕುಡದು ಕಾಯ್ರಿ ಅಂದ್ರು ಡಾಕ್ಟರು.”

“ಆಮ್ಯಾಲೆ?”

“ಮರುದಿನ ಎಳ್ಳಮಾಸಿರಿ, ಮನಿಮಂದೆಲ್ಲಾ ಹೊಲದಾಗ ಕೂಡಿ ಉಣ್ಣೋ ಹಬ್ಬ. ಕಡೀ ಬಸ್ಸು ತಪ್ಪಿದ್ರ ಹಬ್ಬಾ ಹೋಗತಿತ್ತು. ಹೊಳೆಯಪ್ಪ ಕಾಕಾ ಅಂದಾ, ಇಷ್ಟ ಸಾಕು, ಡಾಕ್ಟರಿಗೆ ನಾ ಹೇಳ್ತೀನಿ, ನಡೀರಿ ಅಂತ.”

“ಡಾಕ್ಟರ್ ಎಲ್ಲಿದ್ರು?”

“ಗೆಸ್ಟ್ ಹೌಸಿನ್ಯಾಗ ಚಹಾ ಕುಡ್ಯಾಕ ಹೋಗಿದ್ರು.”

ಆ ಡಾಕ್ಟರು ಬಾಟಲಿಗಳ ಮೂರು ಚೀಟಿಗೂ ‘ನನ್ನ ಸಮಕ್ಷಮ’ ಎಂದು ಸಹಿ ಮಾಡಿದ್ದರು. ಗಲಗಲಿಯವರು ಬೆಂಗಳೂರಿಗೆ ಫೋನು ಮಾಡಿದಾಗ ಅವರು ನಿಯಮದ ಪ್ರಕಾರ ಎಂಬ ಮಾತನ್ನು ಎರಡು ಸಲ ಹೇಳಿ ಲೈನು ಕತ್ತರಿಸಿದರು. ಅದನ್ನೂ ಕೇಸ್ ಡೈರಿಯಲ್ಲಿ ಬರೆದಿಟ್ಟದ್ದಾಯಿತು. ಅದರಿಂದ ಅವರ ಕೂದಲೂ ಕೊಂಕುವುದಿಲ್ಲ ಎಂದು ಬರೆಯುವಾಗಲೇ ಗೊತ್ತಿತ್ತು.

ಮಾರ್ಚ್ 16, ಮಧ್ಯಾಹ್ನ. ಹೊಳೆಯಪ್ಪ ಗೋಲಿನ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಸುಣ್ಣದ ಗೆರೆ ಎಳೆಯುತ್ತಿದ್ದ. ಎದ್ದು ನಿಲ್ಲಲು ಅವನಿಗೆ ಗೋಲಿನ ಕಂಬವೇ ಬೇಕಾಯಿತು. ಪಾದಗಳು ಚಪ್ಪಲಿಯ ಪಟ್ಟಿ ಮೀರಿ ಬಾತಿದ್ದವು. ಖೋಲಿಯ ಬಚ್ಚಲಲ್ಲಿ ಇರುವೆ ಸಾಲುಗಟ್ಟಿದ್ದನ್ನು ಗಾಳೆಪ್ಪ ಕಣ್ಣಿನಲ್ಲೇ ತೋರಿಸಿದ. ಗೋಡೆಯ ಗೂಡಿನಲ್ಲಿ, ತಲೆಗೆ ಸುತ್ತುವ ಪಟಕಾದ ಹಿಂದೆ, ಗುಳಿಗೆಯ ಪಟ್ಟಿ ಸಿಕ್ಕಿತು.

“ಎಲ್ಲಿ ತಗೊಂಡಿ ಇವನ್ನ?”

“ಮುಂಡರಗ್ಯಾಗರಿ. ಕಾಲಿನ ಬಾವಿಗೆ ಕೊಟ್ಟಾರ.”

“ಇಷ್ಟು ದವಾಖಾನಿ ಬಿಟ್ಟು ಮುಂಡರಗಿಗೆ ಯಾಕ?”

“ಇಲ್ಲೆ ತೋರಿಸಿದ್ರ ಗಿರಣಿ ಮಂದಿಗೆ ಖಬರ ಆಗತೈತ್ರಿ. ಕಾಲು ಬಾತಾವಂಗ ಮೈದಾನ ಯಾರು ಕೊಡ್ತಾರ?”

“ಜನವರಿ ಆರನೇ ತಾರೀಖು ಬಾಟಲಿ ಯಾರು ತುಂಬಿದ್ರು?”

ಹೊಳೆಯಪ್ಪ ತಡಮಾಡಲಿಲ್ಲ. ಹುಡುಗರ ಬದಲಿಗೆ ಮಸ್ಟರಿನಲ್ಲಿ ಹಾಜರಿ ಹಚ್ಚಿಸುವುದು, ರೇಶನ್ನಿನ ಪಾಳಿ ಹಿಡಿಯುವುದು, ಎಲ್ಲ ಅವನೇ. ಇದೂ ಸರಕಾರದ ಇನ್ನೊಂದು ಪಾಳಿ ಎಂದುಕೊಂಡಿದ್ದ.

“ನಾನs ರಿ. ಅವರು ಹಾಕಿದ್ದು ಸಾಲೂದಿಲ್ಲ ಅಂತ ಮ್ಯಾಲೆ ನಂದು ಹಾಕಿದೆ. ಉಚ್ಚಿ ಅಂದ್ರ ಉಚ್ಚಿ. ಅದರಾಗ ಇವಂದು ಅವಂದು ಅಂತ ಇರತೈತೇನ್ರಿ?”

“ಹುಡುಗರು ಸಿಕ್ಕೊಂಡ ಮ್ಯಾಲೂ ಯಾಕ ಬಾಯಿ ಬಿಡ್ಲಿಲ್ಲ?”

“ಅವರು ಹಾಕಿದ್ದ ನಾಕು ಹನ್ಯಾಗs ಏನೋ ಇತ್ತು ಅನ್ಕೊಂಡೆ. ಮೈಲಾರಿಗೆ ಬೈದೂ ಬಿಟ್ಟೀನಿ, ನಿಮ್ಮಪ್ಪನ ಹೆಸರು ಕೆಡಿಸಿದಿ ಮಗನ ಅಂತ.”

ಗಲಗಲಿಯವರು ಗುಳಿಗೆಯ ಪಟ್ಟಿಯನ್ನು ಎತ್ತಿ ಹಿಡಿದರು. “ಹೊಳೆಯಪ್ಪಾ, ದಿಲ್ಲ್ಯಾಗ ಸಿಕ್ಕಿದ್ದು ಇದs.”

ಹೊಳೆಯಪ್ಪ ಪಟ್ಟಿಯನ್ನು ನೋಡಿದ, ಇನ್‌ಸ್ಪೆಕ್ಟರನ್ನು ನೋಡಿದ. ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆಮೇಲೆ ಗೋಡೆ ಹಿಡಿದು ನೆಲದ ಮೇಲೆ ಕುಳಿತುಬಿಟ್ಟ. ಇಷ್ಟು ವರ್ಷದಲ್ಲಿ ಎಷ್ಟೋ ತಪ್ಪೊಪ್ಪಿಗೆ ಕೇಳಿದ್ದ ಗಲಗಲಿಯವರಿಗೆ, ಅಪರಾಧಿಗೆ ಅವನ ಅಪರಾಧವನ್ನು ತಾವೇ ತಿಳಿಸಿಕೊಡುವ ಪ್ರಸಂಗ ಬಂದಿರಲಿಲ್ಲ.

ಪಂಚರ ಮುಂದೆ ಗುಳಿಗೆ ಜಪ್ತಾದವು. ಮೋಸ ಮಾಡಿದ ಕಲಮಿನಡಿ ಹೊಳೆಯಪ್ಪನ ದಸ್ತಗಿರಿಯಾಯಿತು. ಬೇಡಿ ಹಾಕಲು ಗಾಳೆಪ್ಪ ಮುಂದೆ ಬಂದಾಗ ಗಲಗಲಿಯವರು ಬೇಡವೆಂದರು.

ಠಾಣೆಯಲ್ಲಿ ಹೇಳಿಕೆ ಬರೆಯುವಾಗ ಉದ್ದೇಶ ಏನು ಎಂಬಲ್ಲಿಗೆ ಬಂದು ಪೆನ್ನು ನಿಂತಿತು. ಲಾಭವಿಲ್ಲ, ಹಗೆಯಿಲ್ಲ.

“ಆ ಹುಡುಗರನ್ನ ಅಷ್ಟು ಗಡಿಬಿಡಿಲೆ ಯಾಕ ಕಳಿಸಿದಿ? ಒಂದು ಹಬ್ಬಾ ಹೋದ್ರ ಏನಾಗತಿತ್ತು?”

“ನಾ ಇಲ್ಲಿಗೆ ಬಂದ ಮೊದಲನೇ ವರ್ಷ ನಂಗೂ ಸೂಟಿ ಸಿಕ್ಕಿದ್ದಿಲ್ಲರಿ. ಮೈದಾನಕ್ಕ ರೋಲರ್ ಎಳಿಯೋದಿತ್ತು. ನಮ್ಮವ್ವ ಹೊತ್ತು ಮುಳುಗೋತನಾ ಹೊಲದಾಗ ಬುತ್ತಿ ಬಿಚ್ಚದs ಕುಂತಿದ್ದಳಂತ, ಮಗಾ ಬರ್ತಾನ ಅಂತ. ಮುಂದಿನ ಎಳ್ಳಮಾಸಿಗೆ ಆಕಿ ಇದ್ದಿಲ್ಲ.” ಅವನು ಟೊಂಕದ ಪಂಚೆ ಸರಿಮಾಡಿಕೊಂಡ. “ಹುಡುಗರಿಗೆ ಏನೂ ಗೊತ್ತಿದ್ದಿಲ್ಲ ಅಂತ ಬರೀರಿ ಸಾಹೇಬ್ರ. ಅದನ್ನ ದಪ್ಪಗ ಬರೀರಿ.”

ಬರೆದರು. ವರದಿ ಆ ಸಂಜೆಯೇ ಬೆಂಗಳೂರಿಗೆ ಹೋಯಿತು, ವಿಚಾರಣೆಗೆ ನಾಲ್ಕು ದಿನ ಮೊದಲು. ಹುಡುಗರ ನೌಕರಿ ಉಳಿಯಬಹುದು. ಶಿಬಿರ ಮಾತ್ರ ತಿರುಗಿ ಬರುವುದಿಲ್ಲ. ಸಾವಂತ್ರೆವ್ವನಿಗೆ ಹೇಳಿ ಕಳಿಸಿದಾಗ ಅವಳು ತನ್ನ ಚಟ್ನಿಯ ಡಬ್ಬಿ ವಾಪಸು ಕೇಳಿದಳು.

ದೀಪ ಹಚ್ಚುವ ಹೊತ್ತಿಗೆ ಮೈಲಾರಪ್ಪ ಬಂದ. ಹೊಳೆಯಪ್ಪನ ಜಾಮೀನಿಗೆಂದು ಅಪ್ಪನನ್ನು ಕರೆದುಕೊಂಡೇ ಬಂದಿದ್ದ. ಬರುವಾಗ ಇಬ್ಬರೂ ಮಾತಾಡಿದ್ದರೆಂದು ಮುಖ ನೋಡಿದರೆ ತಿಳಿಯುತ್ತಿತ್ತು. ಹುಡುಗ ಲಾಕಪ್ಪಿನ ಸರಳಿನ ಎದುರು ನಿಂತ. ಸಿಟ್ಟಿನಲ್ಲಿ ಸರಳನ್ನೇ ಹಿಡಿದುಕೊಂಡ.

“ಹಾಕೋ ಮೊದಲ ನನ್ನ ಒಂದು ಮಾತು ಕೇಳಬಾರದಿತ್ತೇನು ಕಾಕಾ?”

ಹೊಳೆಯಪ್ಪ ತಲೆ ಎತ್ತಲಿಲ್ಲ.

“ಕೇಳಿದ್ರ ನೀ ಊರಿಗೆ ಹೋಗದs ಉಳಿತಿದ್ದಿ.”

ಗಲಗಲಿಯವರು ಜಾಮೀನಿನ ಕಾಗದ ಮುಂದಿಟ್ಟಾಗ ಅಪ್ಪ ಹೆಬ್ಬೆಟ್ಟು ಒತ್ತಿದ, ಮಗ ಅದರ ಕೆಳಗೆ ತನ್ನ ಹೆಸರು ಬರೆದ.