ಸಂಬಂಧ: ಮಗಳು

ಮಾರ್ಚ್ 11, ಸೋಮವಾರ ಬೆಳಿಗ್ಗೆ 9.20ಕ್ಕೆ ಓ ಕ್ಯೊಂಗ್‌ಸಿಕ್ ಹಾರ್ಲೋ ಫಾಲ್ಸ್ ಠಾಣೆಗೆ ಬಂದ. ಕೊರಿಯಾದವನು. ಅಯೋವಾದ ಆ ಊರಿನ ವಿಶ್ವವಿದ್ಯಾಲಯದಲ್ಲಿ ಮಣ್ಣಿನ ಮೇಲೆ ಸಂಶೋಧನೆ ಮಾಡುತ್ತಿದ್ದ. ಆರು ವರ್ಷದ ಮಗಳು ನಾವನ್ ತನ್ನ ಅವಲಂಬಿತಳೆಂದು ತೋರಿಸಿ ವಿನಾಯಿತಿ ಕೇಳಿದ್ದ ಅವನ ತೆರಿಗೆ ಅರ್ಜಿ ತಿರಸ್ಕೃತವಾಗಿತ್ತು. ಬೇರೆ ಯಾರೋ ಅವಳ ಗುರುತಿನ ಸಂಖ್ಯೆ ಕೊಟ್ಟು, ಅವಳನ್ನು ಆಗಲೇ ತಮ್ಮ ಅರ್ಜಿಯಲ್ಲಿ ಸೇರಿಸಿಕೊಂಡಿದ್ದರು.

"ನನ್ನ ಮಗಳನ್ನ ಯಾರೋ ಕದ್ದಿದಾರೆ ಮೇಡಂ."

"ಮಗು ಈಗ ಎಲ್ಲಿದೆ?"

"ಸ್ಕೂಲಲ್ಲಿ."

"ಹಾಗಾದ್ರೆ ಕದ್ದಿರೋದು ನಂಬರ್," ಎಂದಳು ತನಿಖಾಧಿಕಾರಿ ಮಾರ್ಲಾ ವೀಸ್ಟ್ರಾ. ಗುರುತಿನ ದುರುಪಯೋಗವೆಂದು ಪ್ರಕರಣ ದಾಖಲಾಯಿತು.

ಆ ಸಂಖ್ಯೆ ಯಾರ ಯಾರ ಕಣ್ಣಿಗೆ ಬಿದ್ದಿರಬಹುದು? ಮರುದಿನ ಪೇದೆ ಪ್ರುಯಿಟ್‌ನೊಂದಿಗೆ ಮಾರ್ಲಾ ಶಾಲೆಗೆ ಹೋದಳು. ಗುಮಾಸ್ತೆ ಕಡತ ತೆಗೆದಳು.

"ಸೇರಿಸುವಾಗ ಗುರುತಿನ ಕಾರ್ಡ್ ತಂದದ್ದು ಅವಳ ಚಿಕ್ಕಮ್ಮ. ದಿನಾ ಕರ್ಕೊಂಡು ಹೋಗೋದೂ ಅವರೇ. ಅಪ್ಪನ್ನ ನಾನು ಒಂದು ಸಲಾನೂ ನೋಡಿಲ್ಲ."

ಕ್ಯೊಂಗ್‌ಸಿಕ್‌ನನ್ನು ಪ್ರಯೋಗಾಲಯದಲ್ಲೇ ಪ್ರಶ್ನಿಸಿದರು.

"ನಮಗೆ ಇಲ್ಲಿ ನೆಂಟರಿಲ್ಲ ಮೇಡಂ. ಕೆಳಗಿನ ಮನೆ ಪ್ಯೊ ಇನ್‌ಸುಕ್ ಅವರಿರಬೇಕು. ನಮ್ಮೂರ ಕಡೆಯವರು, ಸಂಗೀತದ ವಿದ್ಯಾರ್ಥಿನಿ. ಮಗುವನ್ನ ಸ್ವಲ್ಪ ನೋಡ್ಕೋತಾರೆ."

"ಸ್ವಲ್ಪ ಅಂದ್ರೆ?"

"ನಾನು ಲ್ಯಾಬಲ್ಲಿದ್ದಾಗ."

"ಲ್ಯಾಬಲ್ಲಿ ಯಾವಾಗ ಇರ್ತೀರಿ?"

ಅವನು ಮಣ್ಣಿನ ಮಾದರಿ ತುಂಬಿದ ತಟ್ಟೆಗಳ ಕಡೆ ನೋಡಿದ. "ಹೆಂಡತಿ ಊರಿಗೆ ಹೋಗಿ ಎರಡು ವರ್ಷ ಆಯ್ತು," ಎಂದಷ್ಟೇ ಹೇಳಿದ.

ಬುಧವಾರ ಮಧ್ಯಾಹ್ನ 1.30ಕ್ಕೆ ವಾರಂಟ್ ಹಿಡಿದು ಇನ್‌ಸುಕ್‌ಳ ಮನೆ ಶೋಧಿಸಿದರು. ವಯಸ್ಸು ನಲವತ್ತೊಂದು, ಒಂಟಿ ಹೆಂಗಸು. ಮಹಜರಿನಲ್ಲಿ ಪ್ರುಯಿಟ್ ಬರೆದುಕೊಂಡ: ಚಿಕ್ಕ ಹಾಸಿಗೆ ಒಂದು, ಮಕ್ಕಳ ಹಲ್ಲುಜ್ಜುವ ಬ್ರಷ್ ಒಂದು, ಲಸಿಕೆ ಪುಸ್ತಕ, ಒಲೆಯ ಮೇಲೆ ಕಡಲಪಾಚಿಯ ಸಾರು, ಮೇಜಿನ ಖಾನೆಯಲ್ಲಿ ತೆರಿಗೆ ಅರ್ಜಿಯ ಪ್ರತಿ.

"ಇದು ನೀವೇ ಬರೆದದ್ದಾ?"

"ಹೌದು."

"ಮಗು ನಿಮ್ಮದಲ್ಲ."

"ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ಮಗು ಯಾರ ಮನೇಲಿತ್ತು ಅಂತ ಅರ್ಜೀಲಿ ಕೇಳಿದ್ರು. ಇದ್ದದ್ದು ಹೇಳಿದೆ."

"ಸಂಬಂಧ ಅನ್ನೋ ಕಡೆ 'ಮಗಳು' ಅಂತಿದೆ."

ಇನ್‌ಸುಕ್ ಒಲೆ ಆರಿಸಿದಳು. "ಅದೊಂದು ಸುಳ್ಳು."

"ಯಾಕೆ ಬರೆದ್ರಿ?"

"ಮೇ ತಿಂಗಳಿಗೆ ನನ್ನ ಓದು ಮುಗಿಯುತ್ತೆ, ವಾಪಸ್ ಹೋಗ್ಬೇಕು. ಅವಳಿಗಿನ್ನೂ ಆರು ವರ್ಷ, ಮರೆತುಬಿಡ್ತಾಳೆ. ಎಲ್ಲೋ ಒಂದು ಕಚೇರೀಲಾದ್ರೂ ನನ್ನ ಮಗಳಾಗಿ ಇರ್ಲಿ ಅಂತ..."

2.40ಕ್ಕೆ ಬಂಧನ. ಸುಳ್ಳು ಘೋಷಣೆ ಸಾಬೀತಾದರೆ ವೀಸಾ ರದ್ದಾಗುವುದು, ಮತ್ತೆ ಈ ದೇಶಕ್ಕೆ ಕಾಲಿಡಲಾಗದು. ಮಾರ್ಲಾ ಅದನ್ನು ಓದಿ ಹೇಳಿದಳು. ಇನ್‌ಸುಕ್ ತಲೆಯಾಡಿಸಿದಳು.

ಸುದ್ದಿ ತಿಳಿದು ಕ್ಯೊಂಗ್‌ಸಿಕ್ ಮನೆಯ ಮೆಟ್ಟಿಲ ಬಳಿ ಓಡಿ ಬಂದ.

"ಮೇಡಂ, ದೂರು ವಾಪಸ್ ತಗೋತೀನಿ."

"ಇನ್ನು ಆಗಲ್ಲ. ಹೋಗಿ ಮಗುವನ್ನ ಕರ್ಕೊಂಡು ಬನ್ನಿ."

ಅವನು ಗಡಿಯಾರ ನೋಡಿದ. ಮಾರ್ಲಾಳನ್ನು, ಪ್ರುಯಿಟ್‌ನನ್ನು ನೋಡಿದ.

"ಸ್ಕೂಲು... ಎಷ್ಟು ಗಂಟೆಗೆ ಬಿಡುತ್ತೆ?"

ಕೈಕೋಳ ತೊಟ್ಟ ಇನ್‌ಸುಕ್ ಕಾರು ಹತ್ತುತ್ತ ತಿರುಗಿದಳು.

"ಮೂರೂ ಐದಕ್ಕೆ. ಹಿಂದಿನ ಬಾಗಿಲಿಗೆ ಹೋಗಿ. ಮುಂದೆ ನಿಂತ್ರೆ ಅವಳು ನಿಮಗೆ ಸಿಗಲ್ಲ."