ಎತ್ತಿ ಹೊಯ್ದ ಮಾದಿರಾನ್

ನಾಳೆ ಮಧ್ಯಾಹ್ನ ಊಟಕ್ಕೆ ಬನ್ನಿ ಎಂದು ಭಾರ್ಗವ ಫೋನಿನಲ್ಲಿ ಕರೆದಾಗ, ಕೊನೆಗೂ ಈ ಮನುಷ್ಯ ಬಾಯಿ ಬಿಡುತ್ತಾರೆ ಅಂದುಕೊಂಡೆ. ಅಷ್ಟರಲ್ಲಿ ಅವರು, ನಿಮ್ಮ ಅಂಗಡಿಯಲ್ಲಿ ಕೊಂಡ ಮಾದಿರಾನ್ ವೈನ್ ಬಾಟಲಿ ಇನ್ನೂ ಹಾಗೇ ಇದೆ, ಕಾರ್ಕ್ ತೆಗೆದು ಕೊಡಿ ಅಂದರು. ಕಾರ್ಕ್ ತೆಗೆಯಲಿಕ್ಕೆ ನಾನು!

ಪರದೇಶದ ಈ ಊರಿನ ಕಿಲಿಮಾನಿ ಬಡಾವಣೆಯ ವೈನ್ ಅಂಗಡಿಯಲ್ಲಿ ಗಿರಾಕಿಗಳಿಗೆ ರುಚಿ ತೋರಿಸುವುದು ನನ್ನ ಕೆಲಸ. ಭಾರ್ಗವ ಮೈಸೂರಿನವರು, ಇಲ್ಲಿನ ಔಷಧಿ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಮ್ಯಾನೇಜರ್. ಕಳೆದ ವರ್ಷದಿಂದ ಪ್ರತಿ ಶನಿವಾರ ಬರುತ್ತಾರೆ. ಗ್ಲಾಸಿಗೆ ತುಟಿ ತಾಗಿಸುತ್ತಾರೆ, ಒಂದು ಪ್ರಶ್ನೆ ಕೇಳುತ್ತಾರೆ, ನಾನು ಉತ್ತರಿಸುವಷ್ಟು ಹೊತ್ತೂ ನನ್ನ ಮುಖ ನೋಡುತ್ತಾರೆ. ಆಮೇಲೆ ಇಲ್ಲಿನವರ ಹಾಗೆ ಅಸಾಂಟೆ, ಅಂದರೆ ಥ್ಯಾಂಕ್ಸ್, ಎಂದು ಹೊರಟುಬಿಡುತ್ತಾರೆ. ವೈನಿನ ಮೇಲೆ ಆಸೆಯಿರುವವರು ಗ್ಲಾಸನ್ನು ನೋಡುತ್ತಾರೆ. ಅಷ್ಟು ನನಗೂ ಗೊತ್ತಾಗುತ್ತದೆ, ಆದರೆ ಅವರು ಬಾಯಿಬಿಟ್ಟು ಹೇಳಬೇಕಲ್ಲ?

ತಾಳಿದವನು ಬಾಳಿಯಾನು ಅನ್ನುತ್ತಾರೆ. ನನ್ನಿಂದ ತಾಳಲಿಕ್ಕೆ ಆಗುವುದಿಲ್ಲ. ಸಿಟ್ಟಿನಲ್ಲಿ ಅಂಗಡಿ ಮಾಲೀಕ ವಲೇರಿಯನ್ ಅಂಕಲ್ ಹತ್ತಿರ ಹೋಗಿ, ದೂರದ ಮೊಂಬಾಸಾದ ಹೊಸ ಅಂಗಡಿಗೆ ನನ್ನನ್ನೇ ಕಳಿಸಿ ಎಂದಿದ್ದೆ. ಅವರು ಒಪ್ಪಿ, ಭಾನುವಾರ ಸಂಜೆಯೊಳಗೆ ಕೊನೆಯ ಮಾತು ಹೇಳು ಎಂದಿದ್ದರು. ಭಾರ್ಗವರಿಗೂ ಈ ಸುದ್ದಿ ಮುಟ್ಟಿಸಿದ್ದೆ. ಅವರು "ಓ" ಎಂದಿದ್ದರು, ಅಷ್ಟೇ.

ಭಾನುವಾರ ಚರ್ಚಿನಿಂದ ನೇರ ಭಾರ್ಗವರ ಮನೆಯಿರುವ ಸೌತ್ ಬಿಗೆ ಟ್ಯಾಕ್ಸಿ ಹಿಡಿದೆ. ಮಟಾಟು ಮಿನಿಬಸ್ಸುಗಳು ಅಡ್ಡ ನುಗ್ಗುತ್ತಿದ್ದವು. ಕಾರು ನಿಂತಲ್ಲೆಲ್ಲ ನಾನು ಕೈಚೀಲದ ಜಿಪ್ ಎಳೆಯುವುದು, ಹಾಕುವುದು. ಏನೂ ಹೇಳದೆ ಬರೀ ಊಟ ಹಾಕಿ ಕಳಿಸಿದರೆ ಅಲ್ಲಿಂದಲೇ ಮೊಂಬಾಸಾಗೆ ಹೂಂ ಅನ್ನುವುದೆಂದು ನಿರ್ಧರಿಸಿದ್ದೆ.

ಬಾಗಿಲು ತೆಗೆದ ಭಾರ್ಗವರ ಶರ್ಟಿನ ತೋಳು ಮೊಣಕೈವರೆಗೆ ಮಡಚಿತ್ತು. ನನ್ನನ್ನು ನೋಡಿದರು, ನಾನು ನೋಡುತ್ತಿದ್ದಂತೆ ನೆಲ ನೋಡಿದರು. ಮೇಜಿನ ಮೇಲೆ ಬದನೆಕಾಯಿ ಎಣ್ಣೆಗಾಯಿ, ಅಕ್ಕಿರೊಟ್ಟಿ, ನಡುವೆ ಬಾಟಲಿ.

ಮಾದಿರಾನ್ ಫ್ರಾನ್ಸಿನ ನೈಋತ್ಯ ಮೂಲೆಯ ಕೆಂಪು ವೈನ್. ಮೊದಲ ಗುಟುಕಿಗೆ ಬಲಿಯದ ನೇರಳೆ ಕಚ್ಚಿದ ಹಾಗೆ, ಒಗರಿಗೆ ನಾಲಿಗೆಯೇ ಹಿಡಿದುಕೊಳ್ಳುತ್ತದೆ. ಆ ಕಡೆಯ ಜನ ಬಾತುಕೋಳಿಯ ಕೊಬ್ಬಿನ ಅಡುಗೆ ಜೊತೆ ಕುಡಿಯುತ್ತಾರೆ. ಬಾಟಲಿ ಬಿಚ್ಚಿ ಗಂಟೆಗಟ್ಟಲೆ ಗಾಳಿಗೆ ಬಿಟ್ಟರೆ ಮಾತ್ರ ಅದು ಮೆತ್ತಗಾಗುವುದು. ಗಿರಾಕಿಗಳಿಗೆ ಇದನ್ನು ಹೇಳಿ ಹೇಳಿ ಸಾಕಾಗಿದೆ, ಯಾರೂ ಕಾಯುವುದಿಲ್ಲ. ಆ ದಿನ ನಾನೂ ಕಾಯಲಿಲ್ಲ. ಕಾರ್ಕ್ ತೆಗೆದವಳೇ ಗ್ಲಾಸಿಗೆ ಸುರಿದೆ.

"ಗಾಳಿಗೆ ಬಿಡಬೇಕು ಅಂದಿದ್ರಲ್ವಾ?" ಎಂದರು.

"ನನಗೆ ಟೈಮಿಲ್ಲ. ಸಂಜೆಯೊಳಗೆ ಮೊಂಬಾಸಾಗೆ ಉತ್ತರ ಹೇಳ್ಲಿಕ್ಕುಂಟು."

ಒಂದು ಗುಟುಕಿಗೆ ನನ್ನ ಮುಖ ಕಿವುಚಿತು. ಭಾರ್ಗವ ಎದ್ದು ಒಳಗೆ ಹೋಗಿ ಎರಡು ಸ್ಟೀಲ್ ಲೋಟ ತಂದರು. ನನ್ನ ಗ್ಲಾಸಿನದನ್ನು ಒಂದಕ್ಕೆ ಬಗ್ಗಿಸಿ, ಕೈ ಮೇಲೆತ್ತಿ ಇನ್ನೊಂದಕ್ಕೆ ಹೊಯ್ದರು.

"ಅದು ಕಾಫಿ ಅಲ್ಲ ಮಾರಾಯ್ರೆ," ಅಂದೆ.

ಅವರು ನಿಲ್ಲಿಸಲಿಲ್ಲ. ಅವರ ಅಮ್ಮ ಕಾಫಿ ಆರಿಸುವುದು ಹೀಗೆಯೇ ಅಂತೆ, ಕಾಯಲು ಹೊತ್ತಿಲ್ಲದವರಿಗೆ. ಮೇಲಿನಿಂದ ಕೆಳಗೆ ಕೆಂಪು ಧಾರೆ. ಅವರ ಕಣ್ಣು ಲೋಟದ ಮೇಲಿರಬೇಕಾದದ್ದು ನನ್ನ ಮೇಲಿತ್ತು, ಆದರೂ ಒಂದು ಹನಿ ಚೆಲ್ಲಲಿಲ್ಲ.

ಲೋಟದಿಂದಲೇ ಕುಡಿದೆ. ಒಗರು ಇತ್ತು, ಆದರೆ ಕಚ್ಚಲಿಲ್ಲ. ಅದರ ಹಿಂದೆಯೇ ಹಣ್ಣು ನೇರಳೆ, ಒಂದಿಷ್ಟು ಹೊಗೆ. ಎಣ್ಣೆಗಾಯಿಯ ಒಂದು ತುತ್ತಿನ ಮೇಲೆ ಇನ್ನೂ ಮೃದುವಾಯಿತು. ವರ್ಷಗಳಿಂದ ಮಾರುತ್ತಿದ್ದ ವೈನ್ ಇಷ್ಟು ಚೆನ್ನಾಗಿ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ.

"ಅಮ್ಮನಿಗೆ ಹೇಳದೆ ನಿಮಗೆ ಮಾತು ಕೊಟ್ಟು, ಆಮೇಲೆ ಹಿಂದೆ ಸರಿಯೋ ಹಾಗಾಗಬಾರದು ಅಂತಿದ್ದೆ ಕಣ್ರೀ," ಎಂದರು ಭಾರ್ಗವ. "ಹೇಳಿದ ಮೇಲೆ ಅವರು ತಿಂಗಳುಗಟ್ಟಲೆ ನನ್ನ ಹತ್ರ ಮಾತು ಬಿಟ್ರು. ನಿನ್ನೆ ಅವರೇ ಫೋನ್ ಮಾಡಿ, ಆ ಚರ್ಚ್ ಹುಡುಗಿಗೆ ಎಣ್ಣೆಗಾಯಿ ಮಾಡಿ ಬಡಿಸೋ ಅಂದ್ರು. ನನ್ನನ್ನ ಮದುವೆ ಆಗ್ತೀರಾ ಜೆಸ್ವಿಟಾ?"

ಅಷ್ಟರಲ್ಲಿ ನನ್ನ ಫೋನ್ ಹೊಡೆದುಕೊಂಡಿತು. ವಲೇರಿಯನ್ ಅಂಕಲ್. ಭಾರ್ಗವ ಮುಖ ತಿರುಗಿಸಿ, ಬಾಟಲಿಯಿಂದ ಇನ್ನಷ್ಟು ಬಗ್ಗಿಸಿಕೊಂಡು ಮತ್ತೆ ಎತ್ತಿ ಹೊಯ್ಯತೊಡಗಿದರು.

ಅಂಕಲ್ ಜೊತೆ ನನ್ನದು ಯಾವಾಗಲೂ ಕೊಂಕಣಿ. ಭಾರ್ಗವರಿಗೆ ಅದರ ಒಂದಕ್ಷರವೂ ತಿಳಿಯದು. ಆದ್ದರಿಂದ ಆ ದಿನ ಬೇಕೆಂದೇ ಕನ್ನಡದಲ್ಲಿ ಮಾತಾಡಿದೆ.

"ಮೊಂಬಾಸಾಗೆ ಬೇರೆ ಯಾರನ್ನಾದರೂ ಕಳಿಸಿ ಅಂಕಲ್. ನನಗೆ ಮದುವೆ ನಿಶ್ಚಯ ಆಯ್ತು."

ಯಾವಾಗ ಎಂದು ಅಂಕಲ್ ಆ ಕಡೆಯಿಂದ ಕೇಳಿದರು.

"ಈಗ," ಎಂದೆ.

ಭಾರ್ಗವರ ಕೈ ತಪ್ಪಿತು. ಮಾದಿರಾನ್ ಪೂರ್ತಿ ಅಕ್ಕಿರೊಟ್ಟಿಯ ಮೇಲೆ ಚೆಲ್ಲಿತು.