ಅಮ್ಮನ ಅಣಬೆಯ ಒಂದು ತುಂಡು

"ಏಯ್! ಕೈ ತೆಗೀರಿ! ಯಾರ್ರೀ ನೀವು?"

ಆಸ್ಪತ್ರೆಯಲ್ಲಿದ್ದ ಅಪ್ಪನಿಗೆ ಬಟ್ಟೆ ಒಯ್ಯಲು ಮನೆಗೆ ಬಂದವಳು ಬಾಗಿಲಲ್ಲೇ ಕಿರುಚಿದಳು.

ಹಾಲ್‌ನಲ್ಲಿ, ಅಪ್ಪನ ಉಪ್ಪುನೀರಿನ ಅಕ್ವೇರಿಯಂ ಮುಂದೆ ಅಪರಿಚಿತನೊಬ್ಬ ನಿಂತಿದ್ದ. ಕೈಗವಸು ಹಾಕಿದ ಕೈ ಮೊಣಕೈವರೆಗೂ ನೀರಿನಲ್ಲಿತ್ತು. ಆ ಕೈಯಲ್ಲಿ ಕತ್ತರಿ!

ಅಯ್ಯೋ... ಅದು ಇದ್ದದ್ದು ಅಮ್ಮನ ಅಣಬೆಯ ಮೇಲೆ!

ತಿನ್ನುವ ಅಣಬೆಯಲ್ಲ ಮತ್ತೆ. ಅಣಬೆಯ ಆಕಾರದ ಮೆದು ಹವಳ. ಜೀವ ಇರುವಂಥದ್ದು. ತಟ್ಟೆಯಂಥ ತಲೆಯ ತುಂಬ ಸಣ್ಣ ಎಳೆಗಳನ್ನು ಬಿಚ್ಚಿಕೊಂಡು ನೀರಿನ ಜೊತೆ ಓಲಾಡುತ್ತಿತ್ತು. ಹೆಬ್ಬೆರಳಷ್ಟಿದ್ದಾಗ ಅಮ್ಮ ತಂದಿಟ್ಟದ್ದು. ಅಮ್ಮ ಹೋದಳು, ಅದು ಬೆಳೆಯಿತು. ಬೆಳಿಗ್ಗೆ ಎದ್ದು ಅಪ್ಪ ಮೊದಲು ಮಾತಾಡಿಸುತ್ತಿದ್ದದ್ದು ಅದನ್ನೇ, ಆಮೇಲೆ ಮಗಳನ್ನು.

"ನಾನು... ನಿಮ್ಮ ತಂದೆಯವರ ಸ್ನೇಹಿತ. ಹಲ್ಲಿನ ಡಾಕ್ಟರ್. ಬೀಗದ ಕೈ ಅವರೇ ಕೊಟ್ರು..."

"ಹಲ್ಲಿನ ಡಾಕ್ಟ್ರಿಗೆ ಇಲ್ಲೇನ್ರೀ ಕೆಲಸ? ಅಪ್ಪ ಎದೆ ಆಪರೇಷನ್ ಆಗಿ ಮಲಗಿದ್ದಾರೆ. ನೀವಿಲ್ಲಿ ಅವರ ಜೀವಾನೇ ಕತ್ತರಿಸ್ತಿದ್ದೀರಾ?"

ಅವನು ಬಾಯಿ ತೆರೆದ. ಮುಚ್ಚಿದ. ಊರವರ ಬಾಯನ್ನೆಲ್ಲ ತೆರೆಸುವ ಮಹಾನುಭಾವನಿಗೆ ತನ್ನ ಬಾಯಿ ತೆರೆಯಲಾಗಲಿಲ್ಲ ನೋಡಿ! ಬೀಗದ ಕೈಯನ್ನು ಮೇಜಿನ ಮೇಲಿಟ್ಟು, ಕತ್ತರಿಸಿದ ತುಂಡಿದ್ದ ಡಬ್ಬಿ ಹಿಡಿದು ಹೊರಟುಹೋದ.

"ಕಳ್ಳ!" ಎಂದು ಅವಳು ಬಾಗಿಲನ್ನು ದಢಾರನೆ ಹಾಕಿದಳು.

ಅಪ್ಪನಿಗೆ ಹೇಳೋಣವೆಂದರೆ ಅವರ ಎದೆಯ ಹೊಲಿಗೆ ಇನ್ನೂ ಹಸಿ. ಸುಮ್ಮನಾದಳು. ಅಂದಿನಿಂದ ಅಕ್ವೇರಿಯಂ ಜವಾಬ್ದಾರಿ ಅವಳದೇ.

ಹೊಲಿಗೆ ಅಂಗಡಿ ನಡೆಸುವವಳು ಅವಳು. ಅಳತೆಯಲ್ಲಿ ಎಂದೂ ತಪ್ಪಿದವಳಲ್ಲ. ನೀರು ದಿನಾ ಒಂದಿಷ್ಟು ಇಳಿಯುತ್ತಿತ್ತು. ಸಮುದ್ರದ ಜೀವ ಅಲ್ಲವೇ ಎಂದು, ಅಪ್ಪನ ಡಬ್ಬದಲ್ಲಿದ್ದ ಉಪ್ಪನ್ನು ಅಳೆದು ಬೆರೆಸಿ, ಅದೇ ನೀರನ್ನು ತುಂಬಿಸುತ್ತಿದ್ದಳು.

ಅಣಬೆ ಎಳೆಗಳನ್ನು ಒಳಗೆಳೆದುಕೊಂಡಿತು. ಮುದುಡಿತು. ಕತ್ತರಿಸಿದ ಜಾಗಕ್ಕೇನೂ ಆಗಿರಲಿಲ್ಲ, ಆದರೆ ಇನ್ನೊಂದು ಅಂಚು ಕಪ್ಪಾಗಿ ಲೋಳೆ ಬಿಡತೊಡಗಿತು.

"ಪುಟ್ಟೀ, ಭಾನುವಾರ ಮನೆಗೆ ಕಳಿಸ್ತಾರಂತೆ! ಅಣಬೆ ಹೇಗಿದೆಯೇ?" ಫೋನಿನಲ್ಲಿ ಅಪ್ಪನ ಸ್ವರಕ್ಕೆ ಈಗಷ್ಟೇ ಜೀವ ಬಂದಿತ್ತು.

"ಚೆನ್ನಾಗಿದೆ ಅಪ್ಪಾ..."

ಫೋನಿಟ್ಟವಳು ಗಾಜಿನ ಮುಂದೆ ಹೋಗಿ ನಿಂತಳು. *ಒಳಗೆ ಬಂದ ಕೂಡಲೇ ಅದನ್ನೇ ನೋಡ್ತಾರೆ. ಅಮ್ಮನ ನೆನಪಿಗೆ ಅಂತ ಉಳಿದಿರೋದು ಅದೊಂದೇ. ಅಪ್ಪನ ಎದೆ ತಡೆಯುತ್ತಾ? ದೇವರೇ, ಏನ್ ಮಾಡ್ಲಿ?*

ಬೇರೆ ದಾರಿಯೇ ಇರಲಿಲ್ಲ. ಅಪ್ಪನ ಡೈರಿಯಲ್ಲಿ ವಿಳಾಸ ಹುಡುಕಿ, ಅವನ ಹಲ್ಲಿನ ಆಸ್ಪತ್ರೆಗೆ ನುಗ್ಗಿ, ದವಡೆ ಹಿಡಿದು ಕೂತಿದ್ದ ರೋಗಿಗಳ ಎದುರೇ ಕೂಗಿದಳು. "ನೀವು ಕತ್ತರಿಸಿದ್ದಕ್ಕೇ ಅದು ಸಾಯ್ತಿದೆ! ಬನ್ನಿ, ಬಂದು ಉಳಿಸಿ!"

ಅವನು ಕುರ್ಚಿಯಲ್ಲಿದ್ದವರ ಹಲ್ಲು ಮುಗಿಸಿ, ಉಳಿದವರ ಕ್ಷಮೆ ಕೇಳಿ ಅವಳ ಹಿಂದೆಯೇ ಬಂದ. ಅಕ್ವೇರಿಯಂನ ನೀರನ್ನು ಪರೀಕ್ಷಿಸಿದವನ ಮುಖ ಸಣ್ಣಗಾಯಿತು.

"ನೀರು ಕಮ್ಮಿ ಆದಾಗ ಏನ್ ಹಾಕ್ತಿದ್ರಿ?"

"ಉಪ್ಪುನೀರು. ಅಳತೆ ಮಾಡಿಯೇ ಹಾಕ್ತಿದ್ದೆ!"

"ಆವಿಯಾಗಿ ಹೋಗೋದು ಬರೀ ನೀರು. ಉಪ್ಪು ಇಲ್ಲೇ ಉಳಿಯುತ್ತೆ. ಅದಕ್ಕೆ ಶುದ್ಧವಾದ ಸಪ್ಪೆ ನೀರೇ ಹಾಕ್ಬೇಕು. ನೀವು ದಿನಾ ಉಪ್ಪಿನ ಮೇಲೆ ಉಪ್ಪು..."

ಅವಳು ಉಪ್ಪಿನ ಡಬ್ಬವನ್ನು ದೂರ ತಳ್ಳಿ ಅತ್ತುಬಿಟ್ಟಳು. "ಅಂದ್ರೆ... ನಾನೇ... ಅಮ್ಮನ ಅಣಬೇನ ನಾನೇ..."

"ಅಯ್ಯೋ, ಅಳ್ಬೇಡ್ರೀ! ನಾನೂ ಶುರುವಿನಲ್ಲಿ ಇದನ್ನೇ ಮಾಡಿ ಎಲ್ಲಾ ಕಳ್ಕೊಂಡೆ. ಆಗ ನಿಮ್ಮಪ್ಪಾನೇ ಅವರ ಹವಳಗಳಿಂದ ತುಂಡು ಕೊಟ್ಟು ಮತ್ತೆ ಬೆಳೆಸೋದು ಕಲಿಸಿದ್ರು. ಹವಳ ಸಾಕೋರಲ್ಲಿ ಒಂದು ರೂಢಿ ಇದೆ. ತುಂಬಾ ಇಷ್ಟದ್ದರ ಒಂದು ತುಂಡನ್ನ ನಂಬಿಕೆಯವರ ಹತ್ರ ಬೆಳೆಯೋಕೆ ಬಿಡೋದು. ಇಲ್ಲಿ ಹೋದ್ರೂ ಅಲ್ಲಿ ಉಳೀಲಿ ಅಂತ."

ಅವಳು ತಲೆಯೆತ್ತಿದಳು. "ಅವತ್ತು ನೀವು..."

"ಆಪರೇಷನ್‌ಗೆ ಮುಂಚೆ ಅವರೇ ಹೇಳಿದ್ರು. ಮಗಳಿಗೆ ಹೇಳ್ಬೇಡ, ಅಪ್ಪ ವಾಪಸ್ ಬರಲ್ಲ ಅಂತ ಹೆದರ್ಕೋತಾಳೆ ಅಂದ್ರು. ಮಾತು ಕೊಟ್ಟಿದ್ದೆ."

*ಕಳ್ಳ ಅಂದೆನಲ್ಲ! ನನ್ನ ನಾಲಿಗೆಗೆ ಬೆಂಕಿ ಹಾಕ!* ನಾಚಿಕೆಯಿಂದ ಅವಳಿಗೆ ಅಳು ಇನ್ನೂ ಹೆಚ್ಚಾಯಿತು.

ಕೊಳೆತ ಅಂಚನ್ನು ಈಗಲೇ ಕತ್ತರಿಸಬೇಕಿತ್ತು, ಇಲ್ಲದಿದ್ದರೆ ಉಳಿದದ್ದಕ್ಕೂ ಹಬ್ಬುತ್ತಿತ್ತು. ಅವನು ಕತ್ತರಿ ಹಿಡಿದ.

"ಡಾಕ್ಟ್ರೇ... ನಿಮ್ಮ ಕೈ ನಡುಗ್ತಿದೆ."

"ಹಲ್ಲು ಕೀಳುವಾಗ ನಡುಗಲ್ಲ. ನೀವು ಪಕ್ಕದಲ್ಲಿ ನಿಂತು ಹೀಗೆ ಅಳ್ತಿದ್ರೆ..."

"ಕೊಡಿ ಇಲ್ಲಿ!" ಎಂದು ಕಣ್ಣೊರೆಸಿಕೊಂಡು ಕೈಗವಸು ಹಾಕಿದಳು. ಅವನು ಹವಳದ ಬುಡವನ್ನು ಹಿಡಿದುಕೊಂಡ. ಒಳ್ಳೆಯ ಭಾಗಕ್ಕೆ ತಾಗದಂತೆ, ಕಪ್ಪಾದದ್ದನ್ನಷ್ಟೇ ಅವಳು ಒಂದೇ ಉಸಿರಿಗೆ ಕತ್ತರಿಸಿದಳು.

"ಅಬ್ಬಾ, ಏನ್ ಕೈ ರೀ ನಿಮ್ದು!" ಎಂದು ಅವನು ಬೆರಗಾದ. ಅಳುವಿನ ನಡುವೆಯೇ ಅವಳಿಗೆ ನಗು ಬಂತು.

ಮುಂದಿನ ಸಂಜೆಗಳಲ್ಲೂ ಅವನು ಬಂದ. ಉಪ್ಪು ಒಮ್ಮೆಲೇ ಇಳಿಸಿದರೆ ಅದಕ್ಕೂ ಹವಳ ಸಾಯುತ್ತದೆ. ಹಾಗಾಗಿ ಸ್ವಲ್ಪ ಸ್ವಲ್ಪವೇ ಉಪ್ಪುನೀರು ತೆಗೆದು ಸಪ್ಪೆ ನೀರು ಹಾಕಿದರು. ಗಾಜಿನ ಮುಂದೆ ಇಬ್ಬರೂ ಉಸಿರು ಬಿಗಿಹಿಡಿದು ಕೂರುತ್ತಿದ್ದರು. ಅವನು ಹೊರಟ ಮೇಲೆ ಮನೆಯೆಲ್ಲ ಭಣಭಣ ಅನ್ನಿಸುತ್ತಿತ್ತು ಅವಳಿಗೆ. ಅಣಬೆ ಮಾತ್ರ ಮುಚ್ಚಿಕೊಂಡೇ ಇತ್ತು.

ಭಾನುವಾರ ಅಪ್ಪ ಬಂದೇಬಿಟ್ಟರು. ನೆಟ್ಟಗೆ ಗಾಜಿನ ಮುಂದೆ ನಿಂತರು.

"ಅಪ್ಪಾ, ತಪ್ಪು ನಂದು. ಉಪ್ಪುನೀರು ಹಾಕ್ಬಿಟ್ಟೆ. ಫೋನ್‌ನಲ್ಲೂ ಸುಳ್ಳು ಹೇಳ್ದೆ..."

ಅಪ್ಪ ಬಗ್ಗಿ, ಗಾಜಿಗೆ ಮುಖ ತಾಗಿಸಿದರು.

"ಬಾ ಇಲ್ಲಿ. ಅಂಚು ನೋಡು."

ಕತ್ತರಿಸಿದ ಜಾಗದ ಪಕ್ಕದಲ್ಲೇ, ನಾಕಾರು ಎಳೆಗಳು ಹೆದರಿ ಹೆದರಿ ಹೊರಗೆ ಇಣುಕುತ್ತಿದ್ದವು!

"ಮುನಿಸಿಕೊಂಡಿತ್ತು ಅಷ್ಟೇ. ನಿಮ್ಮಮ್ಮನ ಬುದ್ಧಿ," ಎಂದರು ಅಪ್ಪ. ಅವರ ಕಣ್ಣು ತುಂಬಿತ್ತು. ಅವಳು ಅಪ್ಪನ ತೋಳು ಹಿಡಿದು ಮನಸಾರೆ ಅತ್ತಳು.

ಸಂಜೆ ಡಾಕ್ಟರ್ ಡಬ್ಬಿಯೊಂದಿಗೆ ಬಾಗಿಲಲ್ಲಿ ನಿಂತ. ಒಳಗೆ ಪುಟ್ಟ ತುಂಡು ಕಲ್ಲಿಗೆ ಅಂಟಿ ಚೆನ್ನಾಗಿ ಚಿಗುರಿತ್ತು. "ನಿಮ್ಮ ವಸ್ತು. ವಾಪಸ್ ಕೊಡೋಣ ಅಂತ ಬಂದೆ."

ಇನ್ನು ಇವನು ಬರಲು ಕಾರಣವೇ ಇಲ್ಲ!

"ಬೇಡ," ಎಂದು ಡಬ್ಬಿಯನ್ನು ಅವನತ್ತಲೇ ಸರಿಸಿದಳು. "ಅದು ನಿಮ್ಮ ಹತ್ರಾನೇ ಇರ್ಲಿ."

"ಯಾಕೆ?"

"ತುಂಬಾ ಇಷ್ಟದ್ದನ್ನ ನಂಬಿಕೆಯವರ ಹತ್ರ ಇಡ್ಬೇಕು ಅಂದ್ರಲ್ಲ."

ಅವನು ಬಾಯಿ ತೆರೆದ. ಈ ಸಲ ಮುಚ್ಚಲಿಲ್ಲ. "ನೀವಂದ್ರೆ ನಂಗೆ ತುಂಬಾ ಇಷ್ಟ ರೀ. ನೀವು ಕಳ್ಳ ಅಂದ ದಿನದಿಂದಾನೇ!"

"ನಂಗೂ..." ಅವಳ ಸ್ವರ ಇಳಿಯಿತು. "ಆದ್ರೆ ಈ ತುಂಡನ್ನ ನೋಡೋಕೆ ನಾನು ದಿನಾ ಬರ್ತೀನಿ. ಪರ್ವಾಗಿಲ್ವಾ?"

"ಬನ್ನಿ. ಬರುವಾಗ ಉಪ್ಪು ಮಾತ್ರ ತರ್ಬೇಡಿ!"